ಉಳಿದ ಕ್ಯಾನ್ಸರ್ ಆಪರೇಷನ್ ಮುಗಿಯುವ ಮೊದಲೇ ಕಾಣಲಿ

ಸ್ತನದಿಂದ ತೆಗೆದ ಗಡ್ಡೆ ಫಾರ್ಮಲಿನ್ ಡಬ್ಬಿಯಲ್ಲಿ ನನ್ನ ಮೇಜಿಗೆ ಬರುತ್ತದೆ. ಪೆಥಾಲಜಿಸ್ಟ್ ಆದ ನಾನು ಮೊದಲು ಅದರ ಹೊರಮೈಗೆ ಇಂಕ್ ಬಳಿಯುತ್ತೇನೆ. ಕೆಲವು ದಿನಗಳ ಮೇಲೆ ಸ್ಲೈಡ್ ನೋಡುವಾಗ ಆ ಇಂಕ್‌ಗೆ ಕ್ಯಾನ್ಸರ್ ಕೋಶ ತಾಗಿದ್ದರೆ, ರೋಗ ಒಳಗೂ ಉಳಿದಿರಬಹುದು ಎಂದೇ ಲೆಕ್ಕ. ಹೊಲಿಗೆಯ ನೋವು ಆರುವ ಮೊದಲೇ ಆ ಹೆಂಗಸಿಗೆ ಮತ್ತೊಂದು ಆಪರೇಷನ್ ಎನ್ನಬೇಕು. ಅಂಥ ರಿಪೋರ್ಟಿಗೆ ಸಹಿ ಹಾಕುವಾಗಲೆಲ್ಲ ಸಂಕಟವಾಗುತ್ತದೆ. ಥಿಯೇಟರಿನಲ್ಲೇ ಫ್ರೋಜನ್ ಸೆಕ್ಷನ್, ಅಂದರೆ ಗಡ್ಡೆಯ ಚೂರನ್ನು ಹೆಪ್ಪುಗಟ್ಟಿಸಿ ಕತ್ತರಿಸಿ ನೋಡುವ ಪರೀಕ್ಷೆ, ಮಾಡಬಹುದಲ್ಲ ಎನ್ನುವವರಿದ್ದಾರೆ. ಆದರೆ ಸ್ತನದ ಕೊಬ್ಬು ಸರಿಯಾಗಿ ಹೆಪ್ಪುಗಟ್ಟುವುದಿಲ್ಲ, ತೆಳುವಾಗಿ ಕತ್ತರಿಸಲು ಬರುವುದಿಲ್ಲ.

ಇದಕ್ಕೆ ಇನ್ನೊಂದು ದಾರಿಯನ್ನು ಟೋಕಿಯೊ ವಿಶ್ವವಿದ್ಯಾಲಯದ ಯಸುತೆರು ಉರಾನೊ ಮತ್ತು ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಹಿಸಾತಾಕಾ ಕೊಬಾಯಾಶಿ ಅವರ ತಂಡ 2011ರಲ್ಲೇ ತೋರಿಸಿತು. ಲಿವರ್ ಪರೀಕ್ಷೆಯ ರಿಪೋರ್ಟಿನಲ್ಲಿ ನೀವು ಕಂಡಿರುವ ಜಿಜಿಟಿ ಎಂಬ ಕಿಣ್ವ ಹಲವು ಕ್ಯಾನ್ಸರ್ ಕೋಶಗಳ ಮೇಲ್ಮೈಯಲ್ಲಿ ವಿಪರೀತ ಇರುತ್ತದೆ. ಅವರು ರೊಡಮೀನ್ ಬಣ್ಣದ ಅಣುವಿಗೆ ಗ್ಲುಟಮಿಕ್ ಆಮ್ಲದ ತುಣುಕು ಸೇರಿಸಿದರು. ತುಣುಕು ಅಂಟಿಕೊಂಡಿರುವ ತನಕ ಅಣು ಮಡಚಿಕೊಂಡು ಬಣ್ಣವಿಲ್ಲದೆ ಇರುತ್ತದೆ. ಕಿಣ್ವ ಅದನ್ನು ಕತ್ತರಿಸಿದ್ದೇ ತಡ, ಅಣು ಬಿಚ್ಚಿಕೊಂಡು ನೀಲಿ ಬೆಳಕಿನಡಿ ಹಸಿರಾಗಿ ಹೊಳೆಯುತ್ತದೆ. ಇಲಿಗಳ ಹೊಟ್ಟೆಯಲ್ಲಿ ಹರಡಿದ್ದ ಅಂಡಾಶಯದ ಕ್ಯಾನ್ಸರ್ ಮೇಲೆ ಈ ಅಣುವಿನ ದ್ರಾವಣ ಸಿಂಪಡಿಸಿದಾಗ ಒಂದು ಮಿಲಿಮೀಟರಿಗಿಂತ ಸಣ್ಣ ಗಂಟುಗಳೂ ಬರಿಗಣ್ಣಿಗೆ ಕಂಡವು, ಅದೂ ನಿಮಿಷಗಳಲ್ಲಿ.

ಕಿಣ್ವ ತಾಗಿದರೆ ಹೊಳೆಯುವ ಇಂಥದೇ ಇನ್ನೊಂದು ಔಷಧ, 2024ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟ ಲುಮಿಸೈಟ್, ಬೇರೆ ಕಿಣ್ವಗಳನ್ನು ಹಿಡಿಯುತ್ತದೆ; ಅದನ್ನು ರಕ್ತನಾಳದ ಮೂಲಕ ಕೊಡಬೇಕು. 357 ಮಹಿಳೆಯರ ಪ್ರಯೋಗದಲ್ಲಿ, ಸರ್ಜನ್ ಗಡ್ಡೆ ತೆಗೆದ ಮೇಲೂ ಉಳಿದಿದ್ದ ಕ್ಯಾನ್ಸರ್ 27 ಮಂದಿಯಲ್ಲಿ ಸಿಕ್ಕಿತು. ದೊಡ್ಡ ಮಾತೇ. ಆದರೆ ಅಪರೂಪಕ್ಕೆ ಜೀವಕ್ಕೇ ಅಪಾಯ ತರುವ ಅಲರ್ಜಿ ಆಗಬಹುದು.

ಹಾಗಾಗಿ ನಮ್ಮ ಸರ್ಕಾರಿ ಆಸ್ಪತ್ರೆಗಳು ಮೊದಲು ಹಿಡಿಯಬೇಕಾದ್ದು ಸಿಂಪಡಿಸುವ ದಾರಿಯನ್ನು ಎಂಬುದು ನನ್ನ ಬಲವಾದ ಅಭಿಪ್ರಾಯ. ಹೊರತೆಗೆದ ಗಡ್ಡೆಯ ಅಂಚಿಗೆ ದ್ರಾವಣ ಹಾಕಿದರೆ ರೋಗಿಯ ದೇಹದೊಳಗೆ ಏನೂ ಹೋಗುವುದಿಲ್ಲ. ಹೊಳೆದ ಜಾಗವನ್ನೂ ಹೊಳೆಯದ ಜಾಗವನ್ನೂ ಸ್ಲೈಡಿನಲ್ಲಿ ನೋಡಿ ತಾಳೆ ಹಾಕಬಹುದು. ಎಲ್ಲ ಗಡ್ಡೆಗಳಲ್ಲೂ ಜಿಜಿಟಿ ಒಂದೇ ಸಮನಾಗಿ ಇರುವುದಿಲ್ಲವಾದ್ದರಿಂದ ಆ ತಾಳೆ ತಪ್ಪಿಸುವಂತಿಲ್ಲ. ಈ ಅಣು ತಯಾರಿಸಬಲ್ಲ ರಸಾಯನಶಾಸ್ತ್ರಜ್ಞರು ನಮ್ಮಲ್ಲಿದ್ದಾರೆ. ಅವರನ್ನೂ ಸರ್ಜನ್‌ಗಳನ್ನೂ ಕೂಡಿಸಿ ಸರ್ಕಾರ ಹಣ ಕೊಡಬೇಕು.

ಫಾರ್ಮಲಿನ್ ಬಿದ್ದರೆ ಕಿಣ್ವ ಕೆಲಸ ನಿಲ್ಲಿಸುತ್ತದೆ. ಆದ್ದರಿಂದ ಸರ್ಜನ್‌ಗಳಲ್ಲಿ ನನ್ನ ಕೋರಿಕೆ ಇಷ್ಟೇ: ಗಡ್ಡೆಯನ್ನು ಡಬ್ಬಿಗೆ ಹಾಕುವ ಮೊದಲು ನಮ್ಮನ್ನು ಥಿಯೇಟರಿಗೆ ಕರೆಯಿರಿ.