ಕುಂಬಾರನಿಗೆ ವರುಷ

ಕಪ್ಪೆಯೆಂದೊಡನೆ ನಮ್ಮ ಮುಖದಲ್ಲಿ ತಾತ್ಸಾರದ ನಗೆ ಮೂಡುವುದು. ಅಲ್ಪಜ್ಞನನ್ನು ‘ಕೂಪಮಂಡೂಕ’ವೆಂದು ಹಳಿಯುವುದು ನಮ್ಮಲ್ಲಿ ರೂಢಿ. ಆದರೆ ನಮ್ಮ ನಾಡಿನ ಕಪ್ಪೆಯೊಂದು ಕನ್ನಡದ ಪದವನ್ನು ಜಗತ್ತಿನ ವಿಜ್ಞಾನಸಾಹಿತ್ಯಕ್ಕೆ ಸೇರಿಸಿರುವುದನ್ನು ನಮ್ಮಲ್ಲಿ ಎಷ್ಟು ಮಂದಿ ಬಲ್ಲೆವು?

ಉತ್ತರ ಕನ್ನಡ ಜಿಲ್ಲೆಯಲ್ಲಿ ಕತ್ತಲೆಕಾನು ಎಂಬ ಎಡೆಯುಂಟು. ಕಾನು ಎಂದರೆ ಮಲೆನಾಡಿನ ನಿತ್ಯಹಸುರಿನ ದಟ್ಟ ಕಾಡು. ಅಲ್ಲಿ ಕಂಡ ಕಪ್ಪೆಯೊಂದನ್ನು 2014ರಲ್ಲಿ ಡಾ. ಕೆ. ವಿ. ಗುರುರಾಜ ಮತ್ತು ಸಂಗಡಿಗರು ಹೊಸ ಜಾತಿಯೆಂದು ಪ್ರಕಟಿಸಿ, ‘ನಿಕ್ಟಿಬ್ಯಾಟ್ರಾಕಸ್ ಕುಂಬಾರ’ ಎಂದು ಹೆಸರಿಟ್ಟರು. ಹೆಸರಿಗೆ ತಕ್ಕ ಕಾಯಕವೂ ಅದಕ್ಕಿದೆ. ರಾತ್ರಿಯಲ್ಲಿ, ತೊರೆಯ ನೀರಿನ ಮೇಲಣ ಕಡ್ಡಿಗೋ ಕಲ್ಲಿಗೋ ಅಂಟುವಂತೆ ಹೆಣ್ಣು ಮೊಟ್ಟೆಯಿಟ್ಟು ಹೊರಟುಹೋಗುವುದು. ಬಳಿಕ ಗಂಡು ತೊರೆಯ ಕೆಸರನ್ನು ಮುಂಗೈಗಳಿಂದ ಎತ್ತಿಕೊಂಡು, ಹಿಂಗಾಲುಗಳ ಮೇಲೆ ನಿಂತು, ಮೊಟ್ಟೆಗಳಿಗೆ ಮೆತ್ತುವುದು! ಅವು ಒಣಗದಿರಲೆಂದೂ ಶತ್ರುಗಳ ಕಣ್ಣಿಗೆ ಬೀಳದಿರಲೆಂದೂ ಹೀಗೆ ಮಾಡುತ್ತಿರಬಹುದೆಂದು ಶಾಸ್ತ್ರಜ್ಞರ ಊಹೆ. ಹೆಬ್ಬೆರಳುದ್ದವನ್ನೂ ಮೀರದ ಜೀವಿಯೊಂದರ ಪಿತೃವಾತ್ಸಲ್ಯವಿದು.

ಈ ಕುಂಬಾರನಿಗೆ ಬೇಕಾದುದು ಮೂರೇ: ಹರಿಯುವ ತೊರೆ, ತಂಪು ನೆರಳು, ಹಸಿ ಕೆಸರು. ಇವನ್ನು ಕಾನು ಒದಗಿಸುತ್ತದೆ. ಕತ್ತಲೆಕಾನಿನಲ್ಲಿ ರಾಂಪತ್ರೆಯ ಮರಗಳು ಮೊಣಕಾಲಿನಂತೆ ಬೇರುಗಳನ್ನು ಕೆಸರಿನಿಂದ ಮೇಲೆತ್ತಿ ನಿಂತ ಜಡ್ಡಿಗಳೂ ಇವೆ. ಇಂತಹ ಜಡ್ಡಿಗಳಲ್ಲಿ ಅನೇಕವು ಹಿಂದೆ ಗದ್ದೆಗಳೂ ಅಡಕೆ ತೋಟಗಳೂ ಆದುವು. ಅನ್ನಕ್ಕಾಗಿ ದುಡಿದವರನ್ನು ನಾವು ದೂರಲಾರೆವು. ನಮ್ಮ ಹಿರಿಯರೇ ಅವರಲ್ಲಿದ್ದಿರಬಹುದು. ಆದರೆ ಉಳಿದಷ್ಟನ್ನಾದರೂ ಮುಟ್ಟದೆ ಬಿಡುವುದು ನ್ಯಾಯವೆಂದು ನಮ್ಮ ಮತ. ಕಪ್ಪೆಯನ್ನು ಗಾಜಿನ ಭರಣಿಯಲ್ಲಿಟ್ಟು ಕಾಪಾಡಲಾಗದು, ತೊರೆಯನ್ನು ಕಾಪಾಡಬೇಕು.

ಸೂರತ್ತಿನಲ್ಲಿ ಓದುವ ನಮಗೇಕೆ ಈ ಚಿಂತೆ ಎಂದು ಕೆಲವರು ಕೇಳಿಯಾರು. ಭೂಪಟವನ್ನು ಬಿಡಿಸಿ ನೋಡಿರಿ. ನಮ್ಮೂರ ತಾಪಿ ನದಿಯ ದಕ್ಷಿಣಕ್ಕೆ ಮೊದಲಾಗುವ ಸಹ್ಯಾದ್ರಿಯೇ ಕತ್ತಲೆಕಾನನ್ನೂ ಹೊತ್ತಿದೆ. ದೂರವಿದ್ದರೂ ನಾವು ಅದೇ ಬೆಟ್ಟಸಾಲಿನ ನೆರೆಯವರು. ರಜೆಯಲ್ಲಿ ಊರಿಗೆ ಹೋದಾಗ ಹಳ್ಳಕ್ಕೆ ಕಸವನ್ನೆಸೆಯದೆ, ಅದರಲ್ಲಿ ವಾಸಿಸುವ ಜೀವಿಗಳ ಹೆಸರನ್ನು ಅಜ್ಜ ಅಜ್ಜಿಯರಿಂದ ಕೇಳಿ ಬರೆದುಕೊಳ್ಳೋಣ. ಹೆಸರು ತಿಳಿದವರು ಸುಲಭವಾಗಿ ಕೆಡಹಲಾರರು.

‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಎಂಬ ಗಾದೆಯನ್ನು ನಾವೆಲ್ಲರೂ ಬಾಯಿಪಾಠ ಮಾಡಿದ್ದೇವೆ. ಕಾನನ್ನು ಬೆಳೆಸಲು ಪ್ರಕೃತಿಗೆ ಹಿಡಿದ ಕಾಲವನ್ನು ಎಣಿಸಲು ವರುಷಗಳೂ ಸಾಲವು. ದೊಣ್ಣೆ ಮಾತ್ರ ಇಂದು ಮನುಷ್ಯರಾದ ನಮ್ಮ ಕೈಯಲ್ಲಿದೆ. ಇದನ್ನು ಮರೆಯದಿರೋಣ.