ಮನೆ ಮುರಿದವರು ಯಾರು?

ಹೆಂಗಸಿಗೆ ವಿಚ್ಛೇದನದ ಹಕ್ಕು ಕೊಟ್ಟರೆ ಸಂಸಾರ ಒಡೆಯುತ್ತದೆಂದು ಬೊಬ್ಬೆಯಿಡುವ ಮಹನೀಯರನ್ನು ನಾವು ಕೇಳುತ್ತೇವೆ: ಪಗಾರದ ದಿನ ಕುಡಿದು ಬಂದು ಹೆಂಡತಿಯ ಹಲ್ಲು ಉದುರಿಸಿದವನು ಸಂಸಾರ ಕಟ್ಟುತ್ತಿದ್ದನೇ?

೧೯೫೫ರ ಹಿಂದೂ ವಿವಾಹ ಕಾಯಿದೆಯೂ ಮೊದಲು ಅಳುಕಿತ್ತು. ಹೊಡೆತಕ್ಕೆ, ಬಿಟ್ಟುಹೋದದ್ದಕ್ಕೆ ಬೇರೆ ವಾಸದ ತೀರ್ಪು ಸಿಗುತ್ತಿತ್ತೇ ಹೊರತು ನೇರ ಬಿಡುಗಡೆಯಿಲ್ಲ. ೧೯೭೬ರ ತಿದ್ದುಪಡಿಯಿಂದ ಕ್ರೌರ್ಯವೂ ಎರಡು ವರ್ಷದ ಪರಿತ್ಯಾಗವೂ ವಿಚ್ಛೇದನಕ್ಕೆ ಕಾರಣಗಳಾದವು. ಹೆಂಡತಿಗೆಂದೇ ಇರುವವೂ ಉಂಟು: ಜೀವನಾಂಶದ ಆಜ್ಞೆಯಾದ ಮೇಲೆ ಒಂದು ವರ್ಷ ಗಂಡ ಹೆಂಡಿರು ಕೂಡಿ ಬಾಳದಿದ್ದರೆ ಸಾಕು, ಹದಿನೈದು ತುಂಬುವ ಮೊದಲೇ ಕೊರಳಿಗೆ ತಾಳಿ ಬಿದ್ದಿದ್ದರೆ, ಹದಿನೈದರ ಮೇಲೆ, ಹದಿನೆಂಟರೊಳಗೆ ಆಕೆ ಆ ಮದುವೆಯನ್ನು ಧಿಕ್ಕರಿಸಿದ್ದರೆ ಸಾಕು.

ಧರ್ಮ ಕೆಟ್ಟಿತೇ? ಸೋಡಚೀಟಿ, ಉಡಿಕೆಗಳು ನಮ್ಮ ದುಡಿಯುವ ಜನರಲ್ಲಿ ಹಿಂದಿನಿಂದ ಬಂದವು. ಕಾಯಿದೆಯ ೨೯ನೆಯ ಕಲಮು ರೂಢಿಯ ಬಿಡುಗಡೆಯನ್ನು ಉಳಿಸಿಯೇ ಇದೆ.

ಖರ್ಚಿನ ಮಾತೆತ್ತಬೇಡಿ. ೧೯೮೭ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯಂತೆ ಹೆಂಗಸಿಗೆ, ಆದಾಯ ಎಷ್ಟೇ ಇರಲಿ, ವಕೀಲರ ನೆರವು ಪುಕ್ಕಟೆ. ಸಿಗದಿರುವುದು ಸಾಕ್ಷಿ. ವಠಾರದ ಹತ್ತು ಮನೆಗೆ ಏಟಿನ ಸದ್ದು ಕೇಳಿರುತ್ತದೆ. ಕೋರ್ಟಿಗೆ ಒಬ್ಬರೂ ಬರರು. ಬೋನಸ್ಸಿಗಾಗಿ ಗಿರಣಿಯ ಗೇಟಿನೆದುರು ಒಗ್ಗಟ್ಟಾಗಿ ನಿಲ್ಲುವ ಗೆಳೆಯರೇ, ಅಂಗಡಿಕಾರ ಬಂಧುಗಳೇ, ಆಕೆಯ ಪರವಾಗಿ ಆ ಕಟಕಟೆ ಹತ್ತಲು ನಿಮಗೇನು ಅಡ್ಡಿ?