ಒಂದು ‘ಇಲ್ಲ’ಕ್ಕೆ ಇಷ್ಟು ಹೆದರಬೇಕೆ?

ಕಳೆದ ವರ್ಷ ಒಂದು ಸಂಜೆ ಅಕ್ಕನ ಮೊಬೈಲ್‌ಗೆ ಎರಡು ಸಾಲಿನ ಇ–ಮೇಲ್ ಬಂತು. ರಸಾಯನಶಾಸ್ತ್ರದ ಪಿಎಚ್‌.ಡಿ.ಗೆ ಹಾಕಿದ್ದ ಅರ್ಜಿ ಆಯ್ಕೆಯಾಗಿಲ್ಲ, ಮುಂದಿನ ಪ್ರಯತ್ನಕ್ಕೆ ಶುಭ ಹಾರೈಕೆ. ಅಷ್ಟೇ. ಕಾರಣ ಇರಲಿಲ್ಲ. ಅಕ್ಕ ಮೊಬೈಲ್ ಮಗುಚಿಟ್ಟು ಅಡುಗೆಮನೆಗೆ ಹೋಗಿ ಸುಮ್ಮನೆ ಪಾತ್ರೆ ತೊಳೆಯುತ್ತಾ ನಿಂತಳು. ಮರುವಾರ ಜಯನಗರದಲ್ಲಿ ನಡೆದ ನಾಮಕರಣದಲ್ಲಿ ದೊಡ್ಡಮ್ಮ ಎಲ್ಲರೆದುರೇ ಕೇಳಿದರು: ‘ಎಂ.ಎಸ್ಸಿ. ಆಯ್ತಲ್ಲಮ್ಮ, ಇನ್ನೂ ಎಷ್ಟು ಓದ್ತೀಯ? ಅವರೇ ಬೇಡ ಅಂದ ಮೇಲೆ ಒಂದು ಕೆಲಸ ನೋಡ್ಕೋಬಾರದಾ?’

‘ಅವರೇ ಬೇಡ ಅಂದ ಮೇಲೆ’ ಎಂಬ ಆ ಮಾತು ನನ್ನನ್ನು ಬಹಳ ದಿನ ಕಾಡಿತು. ನಾನೀಗ ಕೆಮಿಕಲ್ ಎಂಜಿನಿಯರಿಂಗ್ ಮೂರನೇ ವರ್ಷದಲ್ಲಿದ್ದೇನೆ. ನನ್ನ ತರಗತಿಯಲ್ಲೂ ಸಂಶೋಧನೆಗೆ ಹೋಗುವ ಆಸೆ ಇರುವವರು ಐದಾರು ಮಂದಿ ಇದ್ದಾರೆ. ಆದರೆ ಹೆಚ್ಚಿನವರು ಅರ್ಜಿಯನ್ನೇ ಹಾಕುವುದಿಲ್ಲ. ‘ನಮ್ಮಂಥವರಿಗೆ ಎಲ್ಲಿ ಸಿಗುತ್ತೆ ಬಿಡು’ ಎಂದು ಪ್ಲೇಸ್‌ಮೆಂಟ್ ಪಟ್ಟಿಗೆ ಹೆಸರು ಬರೆಸುತ್ತಾರೆ. ಬೇರೆಯವರು ‘ಇಲ್ಲ’ ಎನ್ನುವ ಮೊದಲೇ ನಮಗೆ ನಾವೇ ‘ಇಲ್ಲ’ ಹೇಳಿಕೊಳ್ಳುವ ಈ ಅಭ್ಯಾಸ ತಪ್ಪು ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಈ ಊರಿನಲ್ಲೇ ನಡೆದ ಒಂದು ಅರ್ಜಿಯ ಕಥೆ ಕೇಳಿ. ನಮ್ಮ ಅಜ್ಜ ಇಂದಿಗೂ ‘ಟಾಟಾ ಇನ್‌ಸ್ಟಿಟ್ಯೂಟ್’ ಎಂದೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆ ಶುರುವಾದದ್ದು 1909ರಲ್ಲಿ. ಅದರ ಮೊದಲ ನಿರ್ದೇಶಕ ಮಾರಿಸ್ ಟ್ರಾವರ್ಸ್ ಒಬ್ಬ ರಸಾಯನ ವಿಜ್ಞಾನಿ. ನಿಯಾನ್, ಕ್ರಿಪ್ಟಾನ್, ಕ್ಸೆನಾನ್ ಅನಿಲಗಳ ಶೋಧದಲ್ಲಿ ವಿಲಿಯಂ ರಾಮ್ಸೆ ಜೊತೆಗಿದ್ದವರು. ಹೀಗೆ ರಸಾಯನಶಾಸ್ತ್ರ ಅಲ್ಲಿ ಮೊದಲ ದಿನದಿಂದಲೂ ಇತ್ತು. 1933ರಲ್ಲಿ ಮುಂಬೈ ವಿಶ್ವವಿದ್ಯಾಲಯದಲ್ಲಿ ಬಿ.ಎಸ್ಸಿ. ಮುಗಿಸಿದ ಕಮಲಾ ಭಾಗವತ್ ಎಂಬ ಹುಡುಗಿ ಅಲ್ಲಿಗೆ ಅರ್ಜಿ ಹಾಕಿದರು. ಅಂಕಗಳಲ್ಲಿ ಆಕೆ ಎಲ್ಲರಿಗಿಂತ ಮುಂದಿದ್ದರು. ಅಪ್ಪ, ಚಿಕ್ಕಪ್ಪ ಇಬ್ಬರೂ ಅದೇ ಸಂಸ್ಥೆಯಲ್ಲಿ ಓದಿದ ರಸಾಯನಶಾಸ್ತ್ರಜ್ಞರು. ಆದರೂ ಅರ್ಜಿ ತಿರಸ್ಕಾರವಾಯಿತು. ಹೆಣ್ಣು ಎಂಬುದೊಂದೇ ಕಾರಣ. ಆಗ ನಿರ್ದೇಶಕರಾಗಿದ್ದವರು ನೊಬೆಲ್ ಪುರಸ್ಕೃತ ಸಿ.ವಿ. ರಾಮನ್.

ಕಮಲಾ ಮನೆಯಲ್ಲಿ ಕೂರಲಿಲ್ಲ. ಬೆಂಗಳೂರಿಗೆ ಬಂದು ಕಾರಣ ಕೇಳಿದರು. ಕೊನೆಗೆ ಷರತ್ತಿನ ಮೇಲೆ ಪ್ರವೇಶ ಸಿಕ್ಕಿತು: ಮೊದಲ ವರ್ಷ ಆಕೆ ಪೂರ್ಣ ಪ್ರಮಾಣದ ವಿದ್ಯಾರ್ಥಿನಿ ಅಲ್ಲ, ಕೆಲಸ ತೃಪ್ತಿಕರ ಎನಿಸಿದರೆ ಮಾತ್ರ ಮಾನ್ಯತೆ. ಅವಮಾನದ ಷರತ್ತು ಅದು. ಆದರೂ ಒಪ್ಪಿ, ಎಂ. ಶ್ರೀನಿವಾಸಯ್ಯ ಅವರ ಮಾರ್ಗದರ್ಶನದಲ್ಲಿ ಹಾಲು, ಬೇಳೆಕಾಳುಗಳಲ್ಲಿರುವ ಪ್ರೋಟೀನ್‌ಗಳ ಮೇಲೆ ಕೆಲಸ ಮಾಡಿದರು. ಒಂದು ವರ್ಷದ ಬಳಿಕ ಮಾನ್ಯತೆ ಸಿಕ್ಕಿತು. ಆಮೇಲೆ ಬೇರೆ ಹೆಣ್ಣುಮಕ್ಕಳಿಗೂ ಆ ಬಾಗಿಲು ತೆರೆಯಿತು. 1939ರಲ್ಲಿ ಅವರು ಕೇಂಬ್ರಿಜ್‌ನಿಂದ ಪಿಎಚ್‌.ಡಿ. ಪಡೆದರು. ಮದುವೆಯ ನಂತರದ ಹೆಸರು ಕಮಲಾ ಸೊಹೊನಿ. ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದ ಮೊದಮೊದಲ ಭಾರತೀಯ ಮಹಿಳೆಯರಲ್ಲಿ ಅವರೂ ಒಬ್ಬರು.

ನೊಬೆಲ್ ಪಡೆದವರೇ ‘ಬೇಡ’ ಅಂದಿದ್ದರು. ಆ ‘ಬೇಡ’ ತಪ್ಪಾಗಿತ್ತು. ನಮ್ಮ ದೊಡ್ಡಮ್ಮನಿಗೆ ಹೇಳಬೇಕೆಂದು ನನಗೆ ಆಗ ಹೊಳೆಯದೇ ಹೋದ ಉತ್ತರ ಇದು.

ಇನ್ನೊಂದು ಉದಾಹರಣೆ ನಮ್ಮ ಬಡಾವಣೆಗೆ ಇನ್ನೂ ಹತ್ತಿರದ್ದು. ಬಸವನಗುಡಿಯಲ್ಲಿ ಹುಟ್ಟಿ, ಆಚಾರ್ಯ ಪಾಠಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದ ಸಿ.ಎನ್.ಆರ್. ರಾವ್ 1951ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಬಿ.ಎಸ್ಸಿ. ಮುಗಿಸಿದರು. ಬನಾರಸ್‌ನಲ್ಲಿ ಎಂ.ಎಸ್ಸಿ. ಮಾಡಿ, ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯಕ್ಕೆ ಹೋಗಿ 1958ರಲ್ಲಿ ರಸಾಯನಶಾಸ್ತ್ರದ ಪಿಎಚ್‌.ಡಿ. ಪಡೆದರು. ಮರುವರ್ಷವೇ ಬೆಂಗಳೂರಿಗೆ ಮರಳಿ ವಿಜ್ಞಾನ ಸಂಸ್ಥೆ ಸೇರಿದರು. ಮುಂದೆ ಭಾರತ ರತ್ನ ಬಂದದ್ದು ಎಲ್ಲರಿಗೂ ಗೊತ್ತು. ಕನ್ನಡ ಮಾಧ್ಯಮದಿಂದ ಬಂದ ಹುಡುಗ ದೂರದ ದೇಶದ ವಿಶ್ವವಿದ್ಯಾಲಯ ಸೇರಿದ್ದು 1950ರ ದಶಕದಲ್ಲಿ. ಇಂದು ಮೊಬೈಲ್ ಕೈಯಲ್ಲಿಟ್ಟುಕೊಂಡು ನಾವು ಹಿಂಜರಿಯುತ್ತೇವೆ.

ಈ ಹಿಂಜರಿಕೆಗೆ ಕಾರಣ ನಮ್ಮ ಓದಿನ ಕ್ರಮ. ಎಸ್ಸೆಸ್ಸೆಲ್ಸಿಯಿಂದ ಸಿಇಟಿವರೆಗೆ ನಮ್ಮನ್ನು ಅಳೆದದ್ದು ರ‍್ಯಾಂಕ್ ಒಂದೇ. ಪಟ್ಟಿಯಲ್ಲಿ ಹೆಸರು ಇದ್ದರೆ ಬುದ್ಧಿವಂತ, ಇಲ್ಲದಿದ್ದರೆ ದಡ್ಡ. ಪಿಎಚ್‌.ಡಿ. ಅರ್ಜಿಗೆ ಈ ಲೆಕ್ಕ ಪೂರ್ತಿ ಹೊಂದುವುದಿಲ್ಲ. ನೆಟ್, ಗೇಟ್ ಅಂಕ ಬೇಕು ನಿಜ. ಆದರೆ ಅದಾದ ಮೇಲೆ ಸಂದರ್ಶನದಲ್ಲಿ ಕೇಳುವುದು, ‘ನಿನಗೆ ಏನನ್ನು ತಿಳಿದುಕೊಳ್ಳಬೇಕಿದೆ?’ ಎಂದು. ಹದಿನಾರು ವರ್ಷ ಓದಿದ ನಮ್ಮನ್ನು ಈ ಪ್ರಶ್ನೆಯನ್ನು ಯಾರೂ ಕೇಳಿರುವುದಿಲ್ಲ! ಒಬ್ಬ ಮಾರ್ಗದರ್ಶಕರ ಪ್ರಯೋಗಾಲಯದಲ್ಲಿ ಆ ವರ್ಷ ಒಂದೇ ಜಾಗ ಇರಬಹುದು, ಅವರ ವಿಷಯ ಬೇರೆಯೇ ಇರಬಹುದು. ಅಲ್ಲಿನ ‘ಇಲ್ಲ’ ನಮ್ಮ ಯೋಗ್ಯತೆಯ ಮೇಲಿನ ತೀರ್ಪಾಗಬೇಕಿಲ್ಲ.

ಅಕ್ಕ ತನ್ನ ಹಳೆಯ ಅರ್ಜಿಯನ್ನು ನನಗೆ ಓದಲು ಕೊಟ್ಟಳು. ‘ಚಿಕ್ಕಂದಿನಿಂದಲೂ ನನಗೆ ವಿಜ್ಞಾನದಲ್ಲಿ ಅಪಾರ ಆಸಕ್ತಿ’ ಎಂದು ಶುರುವಾಗಿತ್ತು. ಅದೇ ಸಾಲು ಸಾವಿರ ಅರ್ಜಿಗಳಲ್ಲಿ ಇರುತ್ತದೆ. ನಿಜಕ್ಕೂ ಅವಳನ್ನು ಕಾಡುತ್ತಿದ್ದದ್ದು ಬೇರೆ. ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿಬಂದದ್ದನ್ನು ನಾವಿಬ್ಬರೂ ನೋಡಿದ್ದೇವೆ. ಕೊಳಚೆ ನೀರಿನ ಜೊತೆ ಬರುವ ಡಿಟರ್ಜೆಂಟ್ ಅಣುಗಳನ್ನು ಬಿಸಿಲಿನಲ್ಲೇ ಒಡೆಯಬಹುದೇ ಎಂಬುದು ಅವಳ ಕುತೂಹಲ. ಟೈಟಾನಿಯಂ ಡೈಆಕ್ಸೈಡ್ ಎಂಬ ಬಿಳಿ ಪುಡಿ ಅತಿನೇರಳೆ ಕಿರಣ ಬಿದ್ದಾಗ ಇಂಥ ಕೆಲಸ ಮಾಡುತ್ತದೆ. ಆದರೆ ಬಿಸಿಲಿನಲ್ಲಿ ಅತಿನೇರಳೆಯ ಪಾಲು ಕಡಿಮೆ. ಕಣ್ಣಿಗೆ ಕಾಣುವ ಬೆಳಕಿಗೂ ಅದು ಸ್ಪಂದಿಸುವಂತೆ ಮಾಡುವುದು ಹೇಗೆ? ‘ಇದನ್ನೇ ಯಾಕೆ ಬರೆಯಲಿಲ್ಲ?’ ಎಂದೆ. ‘ಇಷ್ಟು ಮಾಮೂಲಿ ವಿಷಯ ಬರೆದರೆ ನಗಲ್ವಾ?’ ಎಂದಳು. ಹೊಸ ಅರ್ಜಿ ಈಗ ಆ ನೊರೆಯಿಂದಲೇ ಶುರುವಾಗುತ್ತದೆ.

ಹಾಗೆಂದು ಎಲ್ಲರೂ ಕಣ್ಣುಮುಚ್ಚಿ ಅರ್ಜಿ ಹಾಕಿ ಎನ್ನಲಾರೆ. ದೊಡ್ಡಮ್ಮನ ಮಾತಿನಲ್ಲಿ ಒಂದು ಪಾಲು ನಿಜವಿದೆ. ಯುಜಿಸಿಯ 2022ರ ನಿಯಮದಂತೆ ಪಿಎಚ್‌.ಡಿ.ಗೆ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಪ್ರಯೋಗ ಕೈಕೊಟ್ಟರೆ ಒಂದು ವರ್ಷ ಹಾಗೇ ಕಳೆದುಹೋಗುತ್ತದೆ. ಜೆಆರ್‌ಎಫ್ ಸಿಕ್ಕರೆ ಮೊದಲ ಎರಡು ವರ್ಷ ತಿಂಗಳಿಗೆ ₹37,000, ಆಮೇಲೆ ₹42,000. 2014ರಲ್ಲಿ ₹25,000 ಇದ್ದ ಜೆಆರ್‌ಎಫ್ 2019ರಲ್ಲಿ ₹31,000 ಆಗಿ, 2023ರಲ್ಲಿ ಈ ಮಟ್ಟಕ್ಕೆ ಬಂತು. ಅದಕ್ಕಾಗಿ ಸಂಶೋಧನಾ ವಿದ್ಯಾರ್ಥಿಗಳು ಬೀದಿಗಿಳಿದು ಕೇಳಬೇಕಾಯಿತು. ಬಿಟಿಎಂ ಲೇಔಟ್‌ನಲ್ಲಿ ಪಿ.ಜಿ. ಹಿಡಿದು, ಊರಿಗೂ ಹಣ ಕಳಿಸಬೇಕಾದವರಿಗೆ ಇದು ಸಾಲುವುದು ಕಷ್ಟ. ಮನೆಯ ಸಾಲ ತೀರಿಸಲು ಮೊದಲು ಕೆಲಸ ಹಿಡಿಯುವವರನ್ನು ಹೇಡಿ ಎನ್ನುವ ಹಕ್ಕು ಯಾರಿಗೂ ಇಲ್ಲ. ಜೆಆರ್‌ಎಫ್‌ಗೆ 30 ವರ್ಷದವರೆಗೆ ಅವಕಾಶವಿದೆ. ಮಹಿಳೆಯರಿಗೆ, ಪರಿಶಿಷ್ಟರಿಗೆ, ಹಿಂದುಳಿದ ವರ್ಗದವರಿಗೆ ಇನ್ನೂ 5 ವರ್ಷ ಸಡಿಲಿಕೆ ಇದೆ. ಎರಡು ವರ್ಷ ದುಡಿದು ಬಂದರೂ ಬಾಗಿಲು ಮುಚ್ಚಿರುವುದಿಲ್ಲ.

ದಾರಿಗಳೂ ನಾವಂದುಕೊಂಡದ್ದಕ್ಕಿಂತ ಹೆಚ್ಚಿವೆ. ಬಿ.ಎಸ್ಸಿ. ಓದುವವರು ಜಾಮ್ ಪರೀಕ್ಷೆ ಬರೆದು ವಿಜ್ಞಾನ ಸಂಸ್ಥೆಯ ಇಂಟಿಗ್ರೇಟೆಡ್ ಪಿಎಚ್‌.ಡಿ.ಗೆ ಪ್ರಯತ್ನಿಸಬಹುದು. ಎಂ.ಎಸ್ಸಿ.ಯವರಿಗೆ ಸಿಎಸ್‌ಐಆರ್–ಯುಜಿಸಿ ನೆಟ್ ಇದೆ. ನಮ್ಮಂಥ ಬಿ.ಇ. ವಿದ್ಯಾರ್ಥಿಗಳು ಮೂರನೇ ವರ್ಷದಲ್ಲೇ ಗೇಟ್ ಬರೆಯಬಹುದು. ಅಮೆರಿಕದ ಹಲವು ವಿಶ್ವವಿದ್ಯಾಲಯಗಳು ನಾಲ್ಕು ವರ್ಷದ ಪದವಿಯ ಮೇಲೆ ನೇರ ಪಿಎಚ್‌.ಡಿ.ಗೆ ತೆಗೆದುಕೊಳ್ಳುತ್ತವೆ, ರಸಾಯನಶಾಸ್ತ್ರದಲ್ಲಿ ಸಾಮಾನ್ಯವಾಗಿ ಬೋಧನಾ ಶುಲ್ಕ ಇರುವುದಿಲ್ಲ, ಪಾಠ ಹೇಳುವ ಕೆಲಸಕ್ಕೆ ಸ್ಟೈಪೆಂಡ್ ಕೊಡುತ್ತಾರೆ. ಆದರೆ ಅರ್ಜಿ ಶುಲ್ಕವೇ ದುಬಾರಿ. ಹತ್ತು ಕಡೆ ಹಾಕುವ ಬದಲು, ನಮ್ಮ ವಿಷಯದಲ್ಲಿ ನಿಜವಾಗಿ ಕೆಲಸ ಮಾಡುವವರು ಇರುವ ಮೂರ್ನಾಲ್ಕು ಕಡೆ ಹಾಕುವುದು ವಾಸಿ. ಮಾರ್ಗದರ್ಶಕರ ಎರಡು ಪ್ರಬಂಧ ಓದಿ, ಅವರ ಪ್ರಯೋಗಾಲಯದ ಹಿರಿಯ ವಿದ್ಯಾರ್ಥಿಗಳನ್ನು ಮಾತಾಡಿಸಿ. ಎಷ್ಟು ವರ್ಷಕ್ಕೆ ಮುಗಿಯುತ್ತದೆ, ಫೆಲೋಶಿಪ್ ಸಮಯಕ್ಕೆ ಬರುತ್ತದೆಯೇ, ಭಾನುವಾರ ರಜೆ ಇರುತ್ತದೆಯೇ ಎಂದು ಕೇಳಲು ನಾಚಬೇಡಿ. ಅವರು ನಮ್ಮನ್ನು ಆರಿಸುವಂತೆ ನಾವೂ ಅವರನ್ನು ಆರಿಸುತ್ತಿದ್ದೇವೆ.

ಕಾಲೇಜುಗಳ ಜವಾಬ್ದಾರಿಯೂ ಇದೆ. ಅಕ್ಕ ಶಿಫಾರಸು ಪತ್ರ ಕೇಳಲು ಹೋದಾಗ ಅವಳ ಉಪನ್ಯಾಸಕರೊಬ್ಬರು, ‘ನೀನೇ ಬರೆದು ತಾ, ಸಹಿ ಹಾಕ್ತೀನಿ’ ಎಂದರಂತೆ. ತನ್ನ ಬಗ್ಗೆ ತಾನೇ ಹೊಗಳಿ ಬರೆದ ಪತ್ರಕ್ಕೆ ಏನು ಬೆಲೆ? ವಿದ್ಯಾರ್ಥಿಯ ಪ್ರಯೋಗವನ್ನು ಹತ್ತಿರದಿಂದ ನೋಡಿದ ಒಬ್ಬ ಮೇಷ್ಟ್ರು ಪ್ರಾಮಾಣಿಕವಾಗಿ ಬರೆದ ಅರ್ಧ ಪುಟ ಅದಕ್ಕಿಂತ ಮೇಲು. ಪ್ಲೇಸ್‌ಮೆಂಟ್‌ಗೆ ಅಣಕು ಸಂದರ್ಶನ ಏರ್ಪಡಿಸುವ ಕಾಲೇಜುಗಳು ಸಂಶೋಧನೆಗೆ ಹೋಗುವ ನಾಲ್ಕು ಮಂದಿಗೂ ಒಂದು ಸಂಜೆ ಕೊಡಬಹುದಲ್ಲವೇ? ಸಂಸ್ಥೆಗಳೂ ಅಷ್ಟೇ. ಸಂದರ್ಶನದವರೆಗೆ ಬಂದವರಿಗಾದರೂ ಎಲ್ಲಿ ಕಡಿಮೆ ಬಿತ್ತು ಎಂದು ಒಂದು ಸಾಲು ತಿಳಿಸಬೇಕು. ಕಮಲಾ ಸೊಹೊನಿ ಎದುರು ನಿಂತು ಕಾರಣ ಕೇಳಿದ್ದರು. ಇ–ಮೇಲ್ ಕಾಲದಲ್ಲಿ ಆ ಅವಕಾಶವೂ ಇಲ್ಲವಾಗಿದೆ.

ವಿಜ್ಞಾನ ಸಂಸ್ಥೆಯ ಮುಕ್ತ ದಿನಕ್ಕೆ ಅಕ್ಕ ಈ ಸಲ ನನ್ನನ್ನೂ ಕರೆದುಕೊಂಡು ಹೋದಳು. ಬನಶಂಕರಿಯಲ್ಲಿ ಮೆಟ್ರೊ ಹತ್ತಿ ಯಶವಂತಪುರದಲ್ಲಿ ಇಳಿದು ಆಟೊ ಹಿಡಿದೆವು. ಜನಜಂಗುಳಿಯ ನಡುವೆ ಒಂದು ಪ್ರಯೋಗಾಲಯದ ಬಾಗಿಲಲ್ಲಿ ನಿಂತು ಅಕ್ಕ ಅಲ್ಲಿನ ವಿದ್ಯಾರ್ಥಿನಿಯೊಬ್ಬರನ್ನು ಬೆಳಕು, ಪುಡಿ, ನೊರೆ ಎಂದು ಪ್ರಶ್ನೆ ಕೇಳುತ್ತಲೇ ಇದ್ದಳು. ಹೊರಡುವಾಗ ಆಕೆ ಹೇಳಿದ್ದು ಇಷ್ಟೇ: ‘ನಂಗೂ ಮೊದಲ ಸಲ ಸಿಕ್ಕಿರಲಿಲ್ಲ ಕಣ್ರೀ.’

ಅಕ್ಕ ಮತ್ತೆ ಅರ್ಜಿ ಹಾಕುತ್ತಿದ್ದಾಳೆ. ನಾನು ಗೇಟ್ ಪುಸ್ತಕ ತಂದಿದ್ದೇನೆ. ಸಿಗುತ್ತದೋ ಇಲ್ಲವೋ ಗೊತ್ತಿಲ್ಲ. ಆದರೆ ‘ಇಲ್ಲ’ ಎನ್ನುವ ಕೆಲಸವನ್ನು ಅವರಿಗೇ ಬಿಡೋಣ. ಅರ್ಜಿ ಹಾಕುವುದಷ್ಟು ನಮ್ಮ ಕೆಲಸ.